ದೋಣಿ ಪಯಣಕ್ಕೆ ಟೆಂಟ್: ಹಗುರವಾಗಿಯೂ ಅಗ್ಗವಾಗಿಯೂ ಆರಿಸುವ ಬಗೆ

ಟೆಂಟ್ ಮಾರುವವರು ಮೊದಲು ಹೇಳುವುದು ತೂಕ. ಎರಡು ಕೆ.ಜಿ., ಒಂದೂವರೆ ಕೆ.ಜಿ., ಇನ್ನೂ ಕಾಸು ಬಿಚ್ಚಿದರೆ ಒಂದು ಕೆ.ಜಿ.ಗೂ ಕಡಿಮೆ. ಗ್ರಾಂ ಇಳಿದಂತೆ ಬೆಲೆ ಏರುತ್ತದೆ. ಈ ಲೆಕ್ಕ ಹುಟ್ಟಿದ್ದು ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡು ದಿನವಿಡೀ ಬೆಟ್ಟ ಹತ್ತುವವರಿಗಾಗಿ. ಕೆನೂ ಎಂಬ, ಹುಟ್ಟು ಹಾಕಿ ಸಾಗುವ ಉದ್ದನೆಯ ತೆರೆದ ದೋಣಿಯಲ್ಲಿ ಹೋಗುವವರ ಹೊರೆಯನ್ನು ಹೆಚ್ಚು ಹೊತ್ತು ಹೊರುವುದು ನೀರು. ಹದಿನಾರು ಅಡಿಯ ಸಾಮಾನ್ಯ ಕೆನೂ ಮುನ್ನೂರು ಕೆ.ಜಿ.ಗಿಂತ ಹೆಚ್ಚಿನ ಭಾರ ತಾಳುತ್ತದೆ. ಅದರಲ್ಲಿ ಅರ್ಧ ಕೆ.ಜಿ. ಉಳಿಸಲು ಐದಾರು ಸಾವಿರ ರೂಪಾಯಿ ಹೆಚ್ಚು ಕೊಡುವುದು ನನಗೆ ಒಪ್ಪಿಗೆಯಾಗದ ವ್ಯಾಪಾರ.

ಹಾಗೆಂದು ಮದುವೆ ಮನೆಯ ಶಾಮಿಯಾನವನ್ನು ಹೇರಿಕೊಂಡು ಹೋಗಲಾಗದು. ದೋಣಿಯನ್ನೂ ಸಾಮಾನನ್ನೂ ಹೆಗಲಿಗೇರಿಸಿ ನಡೆಯಬೇಕಾದ ತಾವುಗಳು ಎಲ್ಲ ನೀರಿನಲ್ಲೂ ಇರುತ್ತವೆ. ಉತ್ತರ ಅಮೆರಿಕದ ಕೆನೂ ಪ್ರದೇಶಗಳಲ್ಲಿ ಒಂದು ಸರೋವರದಿಂದ ಇನ್ನೊಂದಕ್ಕೆ ಕಾಡಿನ ದಾರಿಯಲ್ಲಿ ಹೊತ್ತು ಸಾಗುತ್ತಾರೆ. ನಮ್ಮಲ್ಲಿ ತುಂಗಭದ್ರೆಯ ಬಂಡೆಗಳ ನಡುವೆ ನೀರು ತೆಳುವಾದಾಗ, ಅಡ್ಡಗಟ್ಟೆ ಎದುರಾದಾಗ, ಕೆರೆಯ ನೀರು ಹಿಂದೆ ಸರಿದು ಕೆಸರಿನ ಬಯಲು ಉಳಿದಾಗ ಹೊರಬೇಕಾಗುತ್ತದೆ. ಅದಕ್ಕೂ ಮುಂಚೆ ದಾವಣಗೆರೆಯಿಂದ ಬಸ್ಸು ಹತ್ತಿ ಇಳಿಯುವ ಕೆಲಸವಿದೆ.

ಇಬ್ಬರಿಗೆ ಎರಡರಿಂದ ಎರಡೂವರೆ ಕೆ.ಜಿ.ಯ, ಗೂಟವಿಲ್ಲದೆಯೂ ತಾನಾಗಿ ನಿಲ್ಲುವ, ಅಲ್ಯೂಮಿನಿಯಂ ಕೋಲಿನ, ಪಾಲಿಯೆಸ್ಟರ್ ಹೊರಹೊದಿಕೆಯ ಟೆಂಟ್ ಸಾಕು. ಅದಕ್ಕಿಂತ ಹಗುರವಾದುದಕ್ಕೆ ಸುರಿಯುವ ಹಣವನ್ನು ಒಳ್ಳೆಯ ಗೂಟ, ಹಗ್ಗ, ಅಡಿಹಾಸುಗಳಿಗೆ ಹಾಕಿ. ಈ ತೀರ್ಮಾನಕ್ಕೆ ಕಾರಣಗಳನ್ನು ಒಂದೊಂದಾಗಿ ನೋಡೋಣ.

ಹೆಜ್ಜೆ 1: ಮೊದಲು ನೀರು ಮತ್ತು ನೆಲ, ಆಮೇಲೆ ಟೆಂಟ್

ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರವನ್ನೇ ತೆಗೆದುಕೊಳ್ಳಿ. ಹಳಬರ ಬಾಯಲ್ಲಿ ಅದು ಈಗಲೂ ಮಾರಿಕಣಿವೆ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಈ ಜಲಾಶಯ 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ನೀರಿನ ಮಟ್ಟ ಇಷ್ಟು ಏರಿಳಿಯುವ ಕಡೆ ದಡವೆಂಬುದು ಒಂದೇ ಜಾಗದಲ್ಲಿ ಇರುವುದಿಲ್ಲ. ನೀರು ತುಂಬಿದಾಗ ದೋಣಿ ನೇರವಾಗಿ ಕುರುಚಲು ಗಿಡ ಮತ್ತು ಕಲ್ಲುಗುಡ್ಡದ ಬುಡ ಮುಟ್ಟುತ್ತದೆ. ಅಲ್ಲಿ ಗೂಟ ಇಳಿಯುವಷ್ಟು ಮಣ್ಣು ಸಿಗುವುದು ಕಷ್ಟ. ನೀರು ಇಳಿದಾಗ ಹೂಳಿನ ಬಯಲು. ಗೂಟ ಬೆಣ್ಣೆಯೊಳಗೆ ಹೋದಂತೆ ಇಳಿಯುತ್ತದೆ, ಅಷ್ಟೇ ಸಲೀಸಾಗಿ ಮೇಲೆ ಬರುತ್ತದೆ. ಎರಡೂ ಸ್ಥಿತಿಯಲ್ಲಿ ಗೂಟವನ್ನೇ ನಂಬಿ ನಿಲ್ಲುವ ಟೆಂಟಿಗೆ ಕಷ್ಟಕಾಲ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಸುಮಾರು ಮೂವತ್ತು ಕಿಲೋಮೀಟರ್ ಸುತ್ತಳತೆಯ ಕೆರೆ. ಇಷ್ಟು ಅಗಲದ ನೀರಿನ ಮೇಲೆ ಗಾಳಿಗೆ ತಡೆಯಿಲ್ಲ. ಮಧ್ಯಾಹ್ನದ ಹೊತ್ತಿಗೆ ಎದ್ದ ಗಾಳಿ ದಡದ ಟೆಂಟನ್ನು ನೇರವಾಗಿ ಬಂದು ಬಡಿಯುತ್ತದೆ. ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ನೆತ್ತಿಯ ಮೇಲೆ ಸಾಲುಸಾಲಾಗಿ ಗಾಳಿಯಂತ್ರಗಳನ್ನು ನೆಟ್ಟಿರುವುದು ಅಂದಕ್ಕಲ್ಲ. ಆಷಾಢದ ಗಾಳಿಯಲ್ಲಿ ನಮ್ಮ ಬಯಲುಸೀಮೆಯ ಯಾವ ದೊಡ್ಡ ನೀರಿಗೂ ಸಣ್ಣ ದೋಣಿ ಇಳಿಸಬೇಡಿ. ಅದು ಟೆಂಟಿನ ಪ್ರಶ್ನೆಯೇ ಅಲ್ಲ.

ಕಾರ್ತೀಕದಿಂದ ಮಾಘದವರೆಗೆ, ಅಂದರೆ ನವೆಂಬರ್‌ನಿಂದ ಫೆಬ್ರುವರಿಯವರೆಗೆ, ಒಳ್ಳೆಯ ಕಾಲ. ಆಗಲೂ ಸ್ವಾತಿ ಮಳೆಯ ಬಾಲ ನವೆಂಬರ್ ಮೊದಲ ವಾರವನ್ನು ತಾಗುತ್ತದೆ. ಹಸ್ತಾ, ಚಿತ್ತಾ ಮಳೆಗಳು ಗುಡುಗು ಸಿಡಿಲಿನೊಂದಿಗೆ ಸಂಜೆ ಬಂದು, ಒಂದು ಗಂಟೆಯಲ್ಲಿ ಹೊಯ್ದು ಹೋಗುವ ಜಾತಿಯವು. ಮಲೆನಾಡಿನ ಹಾಗೆ ದಿನಗಟ್ಟಲೆ ಸುರಿಯುವ ಜಡಿಮಳೆಗೆ ಬೇಕಾದ ಟೆಂಟೇ ಬೇರೆ. ನಮಗೆ ಬೇಕಾದುದು ಸ್ವಲ್ಪ ಹೊತ್ತಿನ ಬಿರುಸಾದ ಮಳೆ, ಅದಕ್ಕಿಂತ ಬಿರುಸಾದ ಗಾಳಿ, ಬೆಳಗಿನ ಇಬ್ಬನಿ, ಹಗಲಿನ ಬಿಸಿಲು ಇವಿಷ್ಟನ್ನು ತಾಳುವ ಟೆಂಟ್.

ಅನುಮತಿಯ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಜಲಾಶಯದ ನೀರಿಗೆ ದೋಣಿ ಇಳಿಸಲು ನೀರಾವರಿ ಅಧಿಕಾರಿಗಳನ್ನು, ಕಾಡಿನಂಚಿನಲ್ಲಿ ತಂಗಲು ಅರಣ್ಯ ಇಲಾಖೆಯನ್ನು ಕೇಳಲೇಬೇಕು. ಚಿತ್ರದುರ್ಗದ ಜೋಗಿಮಟ್ಟಿ ಕಾಡು, ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿ ಧಾಮ, ಭದ್ರಾ ಹಿನ್ನೀರಿನ ಹುಲಿ ಮೀಸಲು ಪ್ರದೇಶ ಇವೆಲ್ಲ ಮನಸ್ಸು ಬಂದ ಕಡೆ ಗುಡಾರ ಹೂಡುವ ಜಾಗಗಳಲ್ಲ. ಸೂಳೆಕೆರೆಯ ನೀರು ಚಿತ್ರದುರ್ಗದ ಮನೆಗಳ ನಲ್ಲಿಗೆ ಹೋಗುತ್ತದೆ ಎಂಬುದನ್ನೂ ಪಾತ್ರೆ ತೊಳೆಯುವ ಮುನ್ನ ನೆನಪಿಡಿ.

ಹೆಜ್ಜೆ 2: ತೂಕದ ಚೀಟಿಯನ್ನು ಅನುಮಾನದಿಂದ ಓದಿ

ಕಂಪನಿಗಳು ಎರಡು ತೂಕ ಬರೆಯುತ್ತವೆ. ಒಂದು ಒಳಗುಡಾರ, ಹೊರಹೊದಿಕೆ, ಕೋಲು ಇಷ್ಟೇ ಸೇರಿದ ಕನಿಷ್ಠ ತೂಕ. ಇನ್ನೊಂದು ಗೂಟ, ಹಗ್ಗ, ಚೀಲ ಎಲ್ಲವೂ ಸೇರಿದ ಪೂರ್ತಿ ತೂಕ. ದೊಡ್ಡ ಅಕ್ಷರದಲ್ಲಿ ಅಚ್ಚಾಗುವುದು ಮೊದಲನೆಯದು. ಎರಡರ ನಡುವೆ ಇನ್ನೂರು ಮುನ್ನೂರು ಗ್ರಾಂ ವ್ಯತ್ಯಾಸ ಇರುವುದು ಮಾಮೂಲು. ಹೋಲಿಸುವಾಗ ಪೂರ್ತಿ ತೂಕವನ್ನು ಪೂರ್ತಿ ತೂಕದೊಂದಿಗೇ ಹೋಲಿಸಿ. ಮನೆಗೆ ಬಂದ ಮೇಲೆ ಸಾಮಾನು ತೂಗುವ ಕೈತಕ್ಕಡಿಗೆ ತೂಗುಹಾಕಿ ನೋಡಿ.

ಇಬ್ಬರು ಹೋಗುವಾಗ ಟೆಂಟನ್ನು ಒಬ್ಬರೇ ಹೊರುವ ಅಗತ್ಯವಿಲ್ಲ. ಎರಡು ಕೆ.ಜಿ. ನಾನೂರು ಗ್ರಾಂ ಟೆಂಟ್ ಹಂಚಿದರೆ ತಲೆಗೆ ಒಂದು ಕೆ.ಜಿ. ಇನ್ನೂರು ಗ್ರಾಂ. ಅದೇ ಇಬ್ಬರು ಒಂದು ರಾತ್ರಿಗೆಂದು ಊರಿನಿಂದ ಒಯ್ಯುವ ಕುಡಿಯುವ ನೀರೇ ಎಂಟು ಹತ್ತು ಕೆ.ಜಿ. ಆಗುತ್ತದೆ. ಹೊರೆ ಇಳಿಸುವ ಮನಸ್ಸಿದ್ದರೆ ನೀರು ಸೋಸುವ ಒಳ್ಳೆಯ ಸಾಧನ ಕೊಳ್ಳಿ. ಟೆಂಟಿನ ಗ್ರಾಂಗಳಿಗಿಂತ ಎಷ್ಟೋ ಪಾಲು ಹೆಚ್ಚು ಭಾರ ತಗ್ಗುತ್ತದೆ.

ತೂಕಕ್ಕಿಂತ ನಾನು ಹೆಚ್ಚು ನೋಡುವುದು ಮಡಿಸಿದ ಉದ್ದ. ಕೋಲಿನ ತುಂಡುಗಳು 45 ಸೆಂ.ಮೀ. ಒಳಗಿದ್ದರೆ ಟೆಂಟ್ ಸಾಮಾನ್ಯ ಡ್ರೈ ಬ್ಯಾಗಿನೊಳಗೆ, ಅಂದರೆ ಬಾಯಿ ಮಡಿಸಿದರೆ ನೀರು ಒಳಹೋಗದ ಚೀಲದೊಳಗೆ, ಇಳಿಯುತ್ತದೆ, ದೋಣಿಯ ಹೊಟ್ಟೆಯಲ್ಲಿ ಅಡ್ಡಲಾಗಿ ಕೂರುತ್ತದೆ. 60 ಸೆಂ.ಮೀ. ದಾಟಿದರೆ ಚೀಲದ ಬಾಯಿ ಮಡಿಸಲು ಆಗದೆ ಒದ್ದಾಡಬೇಕು. ಎಸೆದರೆ ತಾನಾಗಿ ಬಿಚ್ಚಿಕೊಳ್ಳುವ ಪಾಪ್-ಅಪ್ ಟೆಂಟುಗಳು ಮಡಿಸಿದಾಗ ದೊಡ್ಡ ತಟ್ಟೆಯಾಕಾರ ತಾಳುತ್ತವೆ. ಕಾರಿನ ಡಿಕ್ಕಿಗೆ ಸರಿ. ದೋಣಿಗೂ ಬಸ್ಸಿಗೂ ಸಲ್ಲದು.

ಹೆಜ್ಜೆ 3: ಎಷ್ಟು ಜನರ ಟೆಂಟ್?

ಇಬ್ಬರದೆಂದು ಬರೆದಿರುವ ಟೆಂಟಿನ ಅಗಲ ಬಹುತೇಕ 120ರಿಂದ 135 ಸೆಂ.ಮೀ. ಮಲಗುವ ಮ್ಯಾಟ್ ಒಂದರ ಅಗಲ ಸುಮಾರು 50 ಸೆಂ.ಮೀ. ಎರಡು ಮ್ಯಾಟ್ ಹಾಸಿದ ಮೇಲೆ ಉಳಿಯುವ ಸಂದಿಯಲ್ಲಿ ಒಂದು ಜೊತೆ ಚಪ್ಪಲಿಯೂ ನೆಮ್ಮದಿಯಾಗಿ ಇರಲಾರದು. ಆದ್ದರಿಂದ ಚೀಲಗಳ ಜಾಗ ಒಳಗೆ ಅಲ್ಲ, ಹೊರಹೊದಿಕೆಯ ಕೆಳಗಿನ ಪಡಸಾಲೆಯಲ್ಲಿ. ಎರಡು ಬದಿಗೂ ಬಾಗಿಲು, ಎರಡು ಬದಿಗೂ ಪಡಸಾಲೆ ಇರುವ ಟೆಂಟ್ ಸ್ವಲ್ಪ ಭಾರವಾದರೂ ಅದನ್ನೇ ಆರಿಸುತ್ತೇನೆ. ರಾತ್ರಿ ಎದ್ದು ಹೊರಗೆ ಹೋಗುವವರು ಪಕ್ಕದವರನ್ನು ದಾಟಿಕೊಂಡು ಹೋಗುವುದು ತಪ್ಪುತ್ತದೆ. ಗಾಳಿ ಒಂದು ಕಡೆಯಿಂದ ಬೀಸಿದರೆ ಇನ್ನೊಂದು ಬಾಗಿಲು ತೆರೆಯಬಹುದು.

ಅಗ್ಗದ ಹಗುರ ಟೆಂಟುಗಳ ಪೈಕಿ ಹೆಸರಾದ ನೇಚರ್‌ಹೈಕ್‌ನ ಕ್ಲೌಡ್ ಅಪ್ 2 ಮಾದರಿಗೆ ಬಾಗಿಲು ತಲೆಯ ಕಡೆ ಒಂದೇ, ಕಾಲಿನ ಕಡೆ ಅದು ಕಿರಿದಾಗುತ್ತದೆ. ಒಬ್ಬರಿಗೆ ಅರಮನೆ, ಇಬ್ಬರು ದೊಡ್ಡಾಳುಗಳಿಗೆ ಇಕ್ಕಟ್ಟು. ಆರಡಿ ಎತ್ತರದವರು ಉದ್ದವನ್ನೂ ಅಳೆಯಬೇಕು: 210 ಸೆಂ.ಮೀ.ಗಿಂತ ಕಡಿಮೆ ಇದ್ದರೆ, ಗೋಡೆಯ ಇಳಿಜಾರೂ ಸೇರಿ, ಹಾಸಿಗೆಯ ತುದಿ ಒದ್ದೆಬಟ್ಟೆಗೆ ತಾಗುತ್ತದೆ.

ಹೆಜ್ಜೆ 4: ತಾನಾಗಿ ನಿಲ್ಲುವ ಆಕಾರ

ಗುಮ್ಮಟದಾಕಾರದ ಟೆಂಟಿನಲ್ಲಿ ಎರಡು ಕೋಲುಗಳು ನೆತ್ತಿಯಲ್ಲಿ ಅಡ್ಡ ಹಾಯುತ್ತವೆ, ನಾಲ್ಕು ಮೂಲೆಗೆ ಸಿಕ್ಕಿಸಿದರೆ ಒಳಗುಡಾರ ಗೂಟವಿಲ್ಲದೆ ನಿಲ್ಲುತ್ತದೆ. ಸುರಂಗದಾಕಾರದವು ಅದೇ ತೂಕಕ್ಕೆ ಹೆಚ್ಚು ಜಾಗ ಕೊಡುತ್ತವೆ, ಆದರೆ ಎರಡು ತುದಿಗೆ ಗೂಟ ಹೊಡೆಯದೆ ನಿಲ್ಲುವುದಿಲ್ಲ. ಊರುಗೋಲನ್ನೇ ಕಂಬ ಮಾಡಿಕೊಳ್ಳುವ ಟೆಂಟುಗಳು ಎಲ್ಲಕ್ಕಿಂತ ಹಗುರ ಮತ್ತು ಬೆಲೆಯಲ್ಲೂ ಕಡಿಮೆ. ದೋಣಿಯವರಿಗೆ ಇದರಲ್ಲೊಂದು ಆಕರ್ಷಣೆ ಇದೆ: ಕೈಯಲ್ಲಿರುವ ಹುಟ್ಟನ್ನೇ ಕಂಬವಾಗಿ ನಿಲ್ಲಿಸಬಹುದು. ಮರಳಿನ ದಡವೋ ಗಟ್ಟಿಯಾದ ಕೆಂಪು ಮಣ್ಣೋ ಸಿಕ್ಕರೆ ಅದು ಚೆನ್ನಾಗಿ ನಿಲ್ಲುತ್ತದೆ.

ಆದರೆ ಚಿತ್ರದುರ್ಗದ ನೆಲ ಎಂದರೆ ಬಂಡೆ. ಅಮೆರಿಕದ ಬೌಂಡರಿ ವಾಟರ್ಸ್ ಪ್ರದೇಶದ ಕೆನೂ ಯಾತ್ರಿಕರೂ ಕಾಲಕಾಲದಿಂದ ತಾನಾಗಿ ನಿಲ್ಲುವ ಟೆಂಟುಗಳ ಕಡೆಗೇ ಒಲಿದಿರುವುದಕ್ಕೆ ಕಾರಣ ಇದೇ. ಅಲ್ಲಿಯೂ ಹಾಸುಬಂಡೆಯ ಮೇಲೆ ತೆಳುವಾದ ಮಣ್ಣು. ತಾನಾಗಿ ನಿಲ್ಲುವ ಟೆಂಟನ್ನು ಕಟ್ಟಿದ ಮೇಲೂ ಎತ್ತಿ ಎರಡು ಮಾರು ಆಚೆ ಇಡಬಹುದು. ಬೆಳಗ್ಗೆ ತಲೆಕೆಳಗು ಮಾಡಿ ಒಳಗಿನ ಮರಳು ಕೊಡವಬಹುದು, ತಳದ ತೇವ ಒಣಗಿಸಬಹುದು. ಒಂದು ಎಚ್ಚರಿಕೆ: ತಾನಾಗಿ ನಿಲ್ಲುತ್ತದೆ ಎಂದರೆ ತಾನಾಗಿ ಹಾರಿಹೋಗುವುದಿಲ್ಲ ಎಂದಲ್ಲ. ಒಳಗೆ ಭಾರವಿಡದೆ, ಹಗ್ಗ ಕಟ್ಟದೆ ಬಿಟ್ಟ ಗುಮ್ಮಟ ಸೂಳೆಕೆರೆಯ ಗಾಳಿಗೆ ನೀರಿಗಿಳಿದರೆ ಹುಟ್ಟು ಹಾಕಿ ಹಿಡಿಯುವುದು ಕಷ್ಟ.

ಎತ್ತರದ ಬಗ್ಗೆಯೂ ಒಂದು ಮಾತು. ಅಂಗಡಿಯಲ್ಲಿ ನೆಟ್ಟಗೆ ನಿಂತು ಅಂಗಿ ಬದಲಿಸಬಹುದಾದ ಟೆಂಟ್ ಮೆಚ್ಚುಗೆಯಾಗುತ್ತದೆ. ಗಾಳಿಯ ಸೀಮೆಯಲ್ಲಿ ಅದು ಹಾಯಿ. ಒಂದು ಮೀಟರಿನಿಂದ 115 ಸೆಂ.ಮೀ. ಎತ್ತರ, ಕುಳಿತುಕೊಳ್ಳಲು ಸಾಕಾಗುವಷ್ಟು, ಸರಿಯಾದ ಅಳತೆ.

ಹೆಜ್ಜೆ 5: ಹಣ ಹಾಕಬೇಕಾದುದು ಕೋಲಿಗೆ

ಅಗ್ಗದ ಟೆಂಟಿನ ಭಾರದ ದೊಡ್ಡ ಪಾಲು ಫೈಬರ್‌ಗ್ಲಾಸ್ ಕೋಲುಗಳದ್ದು, ಮುರಿಯುವ ಮೊದಲ ಅಂಗವೂ ಅದೇ. ಬಿಸಿಲಿನಲ್ಲಿ ಹಳತಾದ ಫೈಬರ್‌ಗ್ಲಾಸ್ ಎಳೆಯೆಳೆಯಾಗಿ ಉದ್ದಕ್ಕೆ ಸೀಳುತ್ತದೆ. ಸೀಳಿದ ಚೂರು ಕೈಗೆ ಚುಚ್ಚುತ್ತದೆ, ಹೊದಿಕೆಯನ್ನೂ ಹರಿಯುತ್ತದೆ. ಅಲ್ಯೂಮಿನಿಯಂ ಕೋಲು ಹಗುರ, ಬಲವಾದ ಗಾಳಿಗೆ ಮೊದಲು ಬಾಗುತ್ತದೆ, ಬಾಗಿದ್ದನ್ನು ಬೆಳಗ್ಗೆ ಮೆಲ್ಲನೆ ನೇರ ಮಾಡಿ ಊರು ಸೇರಬಹುದು. ವಿವರಣೆಯಲ್ಲಿ 7001 ಅಥವಾ 7075 ಎಂಬ ಮಿಶ್ರಲೋಹದ ಸಂಖ್ಯೆ, 8.5 ಮಿ.ಮೀ. ಆಸುಪಾಸಿನ ದಪ್ಪ ಇದ್ದರೆ ನಂಬಬಹುದು. ಬರಿಯ "ಲೋಹದ ಕೋಲು" ಎಂದಿದ್ದರೆ ಅದು ಉಕ್ಕಿನ ಕೊಳವೆಯಾಗಿರಬಹುದು. ಭಾರ, ತುಕ್ಕು ಎರಡೂ ಜೊತೆಗೆ ಬರುತ್ತವೆ.

ಕೋಲಿನೊಂದಿಗೆ ಬೆರಳುದ್ದದ ಒಂದು ಕೊಳವೆ ಕೊಟ್ಟಿರುತ್ತಾರೆ. ಅದನ್ನು ಬೇಡದ ವಸ್ತುವೆಂದು ಎಸೆಯಬೇಡಿ. ಕೋಲು ಮುರಿದ ಜಾಗಕ್ಕೆ ಅದನ್ನು ತೂರಿಸಿ ಎರಡೂ ತುದಿಗೆ ಟೇಪ್ ಸುತ್ತಿದರೆ ಪ್ರವಾಸ ಮುಗಿಯುವವರೆಗೆ ನಿಲ್ಲುತ್ತದೆ.

ಬಜೆಟ್ ಫೈಬರ್‌ಗ್ಲಾಸ್ ದಾಟುವುದೇ ಇಲ್ಲವೆನ್ನುವವರು ಹಿಂಜರಿಯಬೇಕಿಲ್ಲ. ಒಳ್ಳೆಯ ಬಟ್ಟೆಯ ಫೈಬರ್‌ಗ್ಲಾಸ್ ಟೆಂಟ್ ಕೊಂಡು, ಕೋಲು ಹೋದಾಗ ಅದೇ ಉದ್ದದ ಅಲ್ಯೂಮಿನಿಯಂ ಕೋಲಿನ ಜೋಡಿಯನ್ನು ಬಿಡಿಯಾಗಿ ತರಿಸಬಹುದು. ಹಳೆಯ ಕೋಲಿನ ಒಟ್ಟು ಉದ್ದವನ್ನು ಬಿಚ್ಚಿ ನೆಲದ ಮೇಲಿಟ್ಟು ಅಳೆಯಿರಿ, ಎರಡು ಸೆಂ.ಮೀ. ಹೆಚ್ಚಾದರೂ ಮೂಲೆಯ ಹೊಲಿಗೆ ಕೀಳುತ್ತದೆ.

ಹೆಜ್ಜೆ 6: ಬಟ್ಟೆಯ ಪರೀಕ್ಷೆ

ಹತ್ತಿ ಗಿರಣಿಗಳ ಊರೆಂದು ಹೆಸರಾಗಿದ್ದ ದಾವಣಗೆರೆಯವರಿಗೆ ನೂಲಿನ ಲೆಕ್ಕ ಹೊಸದಾಗಿ ಹೇಳಬೇಕಿಲ್ಲ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅದು ಡೆನಿಯರ್. ದುಬಾರಿ ಟೆಂಟುಗಳಲ್ಲಿ 10, 15, 20 ಡೆನಿಯರ್ ಬಟ್ಟೆ ಇರುತ್ತದೆ, ಅಗ್ಗದವುಗಳಲ್ಲಿ 68ರಿಂದ 75ರವರೆಗೆ ಹೋಗುತ್ತದೆ. ಕಡಿಮೆ ಡೆನಿಯರ್ ಹಗುರ. ಆದರೆ ನಮ್ಮ ಕೆರೆಯಂಗಳದ ಬಳ್ಳಾರಿ ಜಾಲಿಗೆ ಡೆನಿಯರ್‌ನ ಮರ್ಯಾದೆ ಇಲ್ಲ. ಚಪ್ಪಲಿಯ ಅಟ್ಟೆಯನ್ನೇ ತೂರಿ ಬರುವ ಮುಳ್ಳು ಇಪ್ಪತ್ತು ಡೆನಿಯರ್‌ನ ತಳವನ್ನು ಬಿಡುತ್ತದೆಯೇ? ಹೊರಹೊದಿಕೆ ತೆಳುವಾಗಿರಲಿ, ತಳ ಮಾತ್ರ 40 ಡೆನಿಯರ್‌ಗಿಂತ ಕೆಳಗಿಳಿಯದಿರಲಿ.

ನೈಲಾನೋ ಪಾಲಿಯೆಸ್ಟರೋ? ಎಳೆದರೆ ಹರಿಯದಿರುವ ಗುಣ ನೈಲಾನ್‌ಗೆ ಹೆಚ್ಚು. ಆದರೆ ಅದು ನೀರು ಹೀರಿ ಹಿಗ್ಗುತ್ತದೆ. ಸಂಜೆ ಬಿಗಿಯಾಗಿ ಕಟ್ಟಿದ ಹೊದಿಕೆ ಮಳೆ ಬಿದ್ದ ಮೇಲೆ ಜೋತು ಒಳಗುಡಾರಕ್ಕೆ ಅಂಟುತ್ತದೆ, ಮಧ್ಯರಾತ್ರಿ ಎದ್ದು ಹಗ್ಗ ಬಿಗಿಯಬೇಕಾಗುತ್ತದೆ. ಪಾಲಿಯೆಸ್ಟರ್ ಅಷ್ಟಾಗಿ ಹಿಗ್ಗುವುದಿಲ್ಲ, ಬಿಸಿಲನ್ನೂ ಹೆಚ್ಚು ದಿನ ತಾಳುತ್ತದೆ. ಬಿಸಿಲಿಗೇ ಹೆಸರಾದ ನಮ್ಮ ನಾಡಿಗೆ ಪಾಲಿಯೆಸ್ಟರೇ ಸರಿ. ಅದೃಷ್ಟಕ್ಕೆ ಅಗ್ಗದ್ದೂ ಅದೇ.

ನೀರು ತಡೆಯುವ ಶಕ್ತಿಯನ್ನು ಮಿ.ಮೀ. ಲೆಕ್ಕದಲ್ಲಿ ಬರೆದಿರುತ್ತಾರೆ. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿದರೆ ಎಷ್ಟು ಎತ್ತರದವರೆಗೆ ಸೋರದೆ ತಡೆಯುತ್ತದೆ ಎಂಬುದು ಅದರ ಅರ್ಥ. ಹೊರಹೊದಿಕೆಗೆ 1,500ರಿಂದ 2,000 ಮಿ.ಮೀ. ಇದ್ದರೆ ನಮ್ಮ ಮಳೆಗೆ ಸಾಕು. ತಳಕ್ಕೆ 3,000 ಇರಲಿ, ಏಕೆಂದರೆ ಒದ್ದೆ ನೆಲದ ಮೇಲೆ ಮಂಡಿಯೂರಿದಾಗ ಬೀಳುವ ಒತ್ತಡ ಮಳೆಹನಿಯ ಒತ್ತಡಕ್ಕಿಂತ ಎಷ್ಟೋ ಹೆಚ್ಚು. ಈ ಸಂಖ್ಯೆಗಳ ಪೈಪೋಟಿಗೆ ಮರುಳಾಗಬೇಡಿ. ಟೆಂಟ್ ಸೋರುವುದು ಬಟ್ಟೆಯ ನಡುವಿನಿಂದಲ್ಲ, ಹೊಲಿಗೆಯಿಂದ. ಹೊದಿಕೆಯನ್ನು ಒಳಮಗ್ಗುಲಿಗೆ ತಿರುಗಿಸಿ ನೋಡಿ: ಪ್ರತಿಯೊಂದು ಹೊಲಿಗೆಯ ಮೇಲೂ ಪಾರದರ್ಶಕ ಪಟ್ಟಿ ಅಂಟಿಸಿರಬೇಕು. ಎರಡೂ ಕಡೆ ಸಿಲಿಕಾನ್ ಲೇಪಿಸಿದ ಬಟ್ಟೆಗೆ ಈ ಪಟ್ಟಿ ಹಿಡಿಯುವುದಿಲ್ಲ. ಅಂಥದಕ್ಕೆ ಸಿಲಿಕಾನ್ ಅಂಟನ್ನು ನೀವೇ ಬಳಿಯಬೇಕು.

ತಳದ ಬಟ್ಟೆ ನಾಲ್ಕೂ ಕಡೆ ಹತ್ತು ಸೆಂ.ಮೀ.ಯಾದರೂ ಮೇಲೆದ್ದು, ತೊಟ್ಟಿಯ ಹಾಗೆ ಇರಬೇಕು. ನೆಲಕ್ಕೇ ಹೊಲಿಗೆ ಬಂದಿರುವ ಟೆಂಟಿಗೆ ಹರಿಯುವ ನೀರು ಒಳಗೆ ಬರಲು ದಾರಿ ತೋರಿಸಿದಂತೆ.

ಹೆಜ್ಜೆ 7: ಎರಡು ಪದರ, ಧಾರಾಳ ಬಲೆ

ನೀರಿನ ಅಂಚಿನ ಚಳಿರಾತ್ರಿಯಲ್ಲಿ ಉಸಿರಿನ ಆವಿ ಹೊದಿಕೆಯ ಒಳಮೈಗೆ ಹನಿಗಟ್ಟುತ್ತದೆ. ಒಂದೇ ಪದರದ ಟೆಂಟಿನಲ್ಲಿ ಆ ಹನಿ ಮುಖಕ್ಕೇ ಬೀಳುತ್ತದೆ, ಮಲಗಿದವರು ಟೆಂಟ್ ಸೋರುತ್ತಿದೆ ಎಂದುಕೊಳ್ಳುತ್ತಾರೆ. ಎರಡು ಪದರ ಇದ್ದರೆ ಹನಿ ಹೊರಹೊದಿಕೆಯಲ್ಲೇ ಜಾರಿ ಕೆಳಗಿಳಿಯುತ್ತದೆ. ಒಳಗುಡಾರದ ಮೇಲ್ಭಾಗ ಪೂರ್ತಿ ಬಲೆಯಾಗಿದ್ದರೆ ನಮ್ಮ ಸೆಕೆಗೆ ಹಿತ; ಮಳೆಯಿಲ್ಲದ ರಾತ್ರಿ ಹೊರಹೊದಿಕೆ ಕಳಚಿ ಬರಿಯ ಸೊಳ್ಳೆಪರದೆಯಂತೆ ಬಳಸಬಹುದು. ಬಲೆಯ ಕಣ್ಣು ಸಣ್ಣದಿರಲಿ: ಕೆರೆಯಂಚಿನಲ್ಲಿ ದೀಪ ಹಚ್ಚಿದ ಕೂಡಲೇ ಮುತ್ತುವ ಸಣ್ಣ ಹುಳುಗಳಿಗೆ ದೊಡ್ಡ ಕಣ್ಣಿನ ಬಲೆ ತಡೆಯೇ ಅಲ್ಲ. ಹೊರಹೊದಿಕೆಯ ನೆತ್ತಿಯಲ್ಲಿ ಗಾಳಿಕಿಂಡಿ ಇದೆಯೇ ಎಂಬುದನ್ನೂ ನೋಡಿ.

ಹೆಜ್ಜೆ 8: ಬೆಲೆಯ ಮೆಟ್ಟಿಲು

ಎರಡು ಸಾವಿರದೊಳಗೆ ಸಿಗುವುದು ಒಂದೇ ಪದರದ, ಹೊಲಿಗೆಗೆ ಪಟ್ಟಿಯಿಲ್ಲದ ಟೆಂಟ್. ತಾರಸಿಯ ಮೇಲೆ ಮಕ್ಕಳ ಆಟಕ್ಕೆ ಸರಿ. ಸುಮಾರು ಮೂರರಿಂದ ಆರು ಸಾವಿರದಲ್ಲಿ ಎರಡು ಪದರದ, ಫೈಬರ್‌ಗ್ಲಾಸ್ ಕೋಲಿನ, ಎರಡೂವರೆಯಿಂದ ಮೂರೂವರೆ ಕೆ.ಜಿ.ಯ ಗುಮ್ಮಟ ಸಿಗುತ್ತದೆ. ವರ್ಷಕ್ಕೆ ಒಮ್ಮೆ ಹೋಗುವವರು ಇಲ್ಲಿಯೇ ನಿಲ್ಲಬಹುದು. ಏಳರಿಂದ ಹದಿನಾಲ್ಕು ಸಾವಿರದ ನಡುವೆ ಅಲ್ಯೂಮಿನಿಯಂ ಕೋಲಿನ, ಎರಡು ಕೆ.ಜಿ. ಆಸುಪಾಸಿನವು ಸಿಗುತ್ತವೆ. ನಾನು ಹೇಳುತ್ತಿರುವ ಟೆಂಟ್ ಇದರ ಕೆಳಮೆಟ್ಟಿಲಿನದು. ಅದಕ್ಕೂ ಮೇಲಿನ ವಿದೇಶಿ ಹೆಸರುಗಳು ಚೆನ್ನಾಗಿಯೇ ಇರುತ್ತವೆ. ಆದರೆ ಕೊಡುವ ಹೆಚ್ಚಿನ ಹಣ ಹೋಗುವುದು ನಮಗೆ ಅಷ್ಟಾಗಿ ಬೇಡದ ಗ್ರಾಂಗಳಿಗೆ.

ಹಳೆಯ ಟೆಂಟ್ ಕೊಳ್ಳುವವರು ಮೊದಲು ಮೂಗನ್ನು ಬಳಸಿ. ನೀರು ತಡೆಯಲು ಬಟ್ಟೆಗೆ ಬಳಿದಿರುವ ಪಾಲಿಯುರೆಥೇನ್ ಲೇಪನ ತೇವದಲ್ಲಿ ಕೆಟ್ಟರೆ ಹುಳಿ ವಾಸನೆ ಹೊಡೆಯುತ್ತದೆ, ಮುಟ್ಟಿದರೆ ಅಂಟಂಟು, ಉಜ್ಜಿದರೆ ಹೊಟ್ಟಿನಂತೆ ಉದುರುತ್ತದೆ. ಅದನ್ನು ಪುಕ್ಕಟೆ ಕೊಟ್ಟರೂ ಬೇಡ. ಹರಿದ ಬಲೆ, ಕಿತ್ತ ಜಿಪ್, ಬಾಗಿದ ಕೋಲುಗಳನ್ನೆಲ್ಲ ಸರಿಮಾಡಬಹುದು, ಅವನ್ನು ತೋರಿಸಿ ಚೌಕಾಸಿಯನ್ನೂ ಮಾಡಬಹುದು. ಜಿಪ್ ಹಲ್ಲು ಬಿಡುತ್ತಿದ್ದರೆ ಎಷ್ಟೋ ಸಲ ಜಾರುಗುಂಡಿ ಬದಲಿಸಿದರೆ ಸಾಕು; ಶಾಲಾಬ್ಯಾಗ್ ಹೊಲಿಯುವವರು ಕೆಲವೇ ರೂಪಾಯಿಗೆ ಮಾಡಿಕೊಡುತ್ತಾರೆ.

ಹೆಜ್ಜೆ 9: ಉಳಿಸಿದ ಹಣದಲ್ಲಿ ಊರಿನಲ್ಲೇ ಸುಧಾರಣೆ

ನನ್ನ ಮಟ್ಟಿಗೆ ಇಡೀ ವ್ಯವಹಾರದ ಸ್ವಾರಸ್ಯ ಇಲ್ಲಿದೆ. ಸಾಧಾರಣ ಟೆಂಟನ್ನು ನಮ್ಮ ನೆಲಕ್ಕೆ ಒಗ್ಗಿಸುವ ಸಾಮಾನು ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಯಂಥ ಬೀದಿಗಳನ್ನು ಒಂದು ಸುತ್ತು ಹಾಕಿದರೆ ಸಿಗುತ್ತದೆ.

ಅಡಿಹಾಸು ಮೊದಲನೆಯದು. ಮೆಕ್ಕೆಜೋಳ ಒಣಗಿಸಲು ರೈತರು ಒಯ್ಯುವ ಟಾರ್ಪಾಲಿನ್‌ಗಳ ಪೈಕಿ ತೆಳುವಾದುದನ್ನು, ಚದರ ಮೀಟರಿಗೆ 120 ಗ್ರಾಂ ಬರುವಂಥದನ್ನು ಕೇಳಿ. ಇಬ್ಬರ ಟೆಂಟಿನ ಅಳತೆಗೆ ಕತ್ತರಿಸಿದರೆ ಮುನ್ನೂರು ಗ್ರಾಂ ಚಿಲ್ಲರೆ ತೂಗುತ್ತದೆ. ಕತ್ತರಿಸುವಾಗ ಟೆಂಟಿನ ತಳಕ್ಕಿಂತ ಪ್ರತಿ ಬದಿಗೂ ಐದು ಸೆಂ.ಮೀ. ಚಿಕ್ಕದಾಗಿರಲಿ. ಹೊರಚಾಚಿದ ಹಾಸು ಹೊದಿಕೆಯಿಂದ ಇಳಿದ ಮಳೆನೀರನ್ನು ಹಿಡಿದು ನಿಮ್ಮ ಬೆನ್ನಡಿಗೇ ತಂದು ನಿಲ್ಲಿಸುತ್ತದೆ. ಹಾಸುವ ಮೊದಲು ಅಂಗೈಯಿಂದಲ್ಲ, ಚಪ್ಪಲಿಯಿಂದ ನೆಲ ಸವರಿ ಮುಳ್ಳು ಆರಿಸಿ.

ಎರಡನೆಯದು ಗೂಟ. ಟೆಂಟಿನೊಂದಿಗೆ ಬರುವ ತಂತಿಯ ಕೊಕ್ಕೆಗಳು ಹುಲ್ಲುಹಾಸಿಗೆ ಮಾಡಿದವು. ವೆಲ್ಡಿಂಗ್ ಅಂಗಡಿಯಲ್ಲಿ 6 ಮಿ.ಮೀ. ಸರಳನ್ನು ಕಾಲು ಮೀಟರಿನಂತೆ ಕತ್ತರಿಸಿ, ಒಂದು ತುದಿ ಚೂಪು ಮಾಡಿಸಿ, ಇನ್ನೊಂದನ್ನು ಬಗ್ಗಿಸಿಕೊಳ್ಳಿ. ಒಂದೊಂದು ಸುಮಾರು 55 ಗ್ರಾಂ, ಎಂಟಕ್ಕೆ 440 ಗ್ರಾಂ. ಬೆನ್ನಿಗೆ ಹೊರುವವರು ಇದನ್ನು ಕೇಳಿ ನಕ್ಕಾರು. ದೋಣಿಯವರಿಗೆ ಇದು ಭಾರವೇ ಅಲ್ಲ. ಒಣಗಿದ ಎರೆಮಣ್ಣಿಗೂ ಗರಸು ನೆಲಕ್ಕೂ ಇವನ್ನು ಕಲ್ಲಿನಿಂದ ಹೊಡೆದು ಇಳಿಸಬಹುದು. ಅದೇ ಎರೆ ಒದ್ದೆಯಾದಾಗ, ಅಥವಾ ಕೆರೆಯ ಹೂಳಿನಲ್ಲಿ, ಯಾವ ಗೂಟವೂ ನಿಲ್ಲದು. ಆಗ ಬೇಕಾಗುವುದು ಖಾಲಿ ಪ್ಲಾಸ್ಟಿಕ್ ಚೀಲ: ನಾಲ್ಕು ಸಣ್ಣ ಅಕ್ಕಿ ಚೀಲಗಳಿಗೆ ಸ್ಥಳದಲ್ಲೇ ಮರಳೋ ಮಣ್ಣೋ ತುಂಬಿ, ಮೂಲೆಯ ಹಗ್ಗ ಕಟ್ಟಿ, ಅರ್ಧ ಹೂತರೆ ಆಯಿತು. ಬಂಡೆಯ ಮೇಲಾದರೆ ಹಗ್ಗದ ತುದಿಗೆ ಮುಷ್ಟಿಗಾತ್ರದ ಕಲ್ಲು ಕಟ್ಟಿ, ಅದರ ಮುಂದೆ ಹಗ್ಗದ ಮೇಲೆ ದೊಡ್ಡ ಕಲ್ಲು ಹೇರಿ. ಎಳೆತ ಬಂದಾಗ ಸಣ್ಣ ಕಲ್ಲು ದೊಡ್ಡದಕ್ಕೆ ತಗುಲಿ ನಿಲ್ಲುತ್ತದೆ. ಹಗ್ಗ ನೇರವಾಗಿ ಬಂಡೆಯ ಅಂಚಿಗೆ ಉಜ್ಜದಂತೆ ನೋಡಿಕೊಳ್ಳಿ. ರಾತ್ರಿಯಿಡೀ ಗಾಳಿ ಬೀಸಿದರೆ ಬೆಳಗ್ಗೆ ಹೊತ್ತಿಗೆ ಕತ್ತರಿಸಿರುತ್ತದೆ.

ಹಗ್ಗ 3 ಮಿ.ಮೀ. ದಪ್ಪದ ನೈಲಾನ್ ಅಥವಾ ಪಾಲಿಯೆಸ್ಟರ್ ಹೆಣಿಗೆಯದು ಸಾಕು. ಕಪ್ಪು ಹಗ್ಗ ಕೊಂಡರೆ ಕತ್ತಲಲ್ಲಿ ಎಡವುವುದು ಖಂಡಿತ. ಬಿಳಿ ಅಥವಾ ಹಳದಿ ಇರಲಿ.

ಹೆಜ್ಜೆ 10: ಹೊರಡುವ ಮುಂಚೆ ತಾರಸಿಯಲ್ಲಿ

ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಟೆಂಟನ್ನು ತಾರಸಿಯ ಮೇಲೆ ಕಟ್ಟಿ. ನೀರಿನ ತೊಟ್ಟಿಯ ಕಾಲು, ಕಟ್ಟೆಯ ಕಬ್ಬಿಣಕ್ಕೆ ಹಗ್ಗ ಬಿಗಿದು ಹೊದಿಕೆ ಸುಕ್ಕಿಲ್ಲದೆ ನಿಲ್ಲುತ್ತದೆಯೇ ನೋಡಿ. ಕೊಳವೆಯಲ್ಲಿ ಇಪ್ಪತ್ತು ನಿಮಿಷ ನೀರು ಹೊಡೆಯಿರಿ, ಒಬ್ಬರು ಒಳಗೆ ಟಾರ್ಚ್ ಹಿಡಿದು ಹೊಲಿಗೆಗಳನ್ನು, ಮುಖ್ಯವಾಗಿ ಮೂಲೆಗಳನ್ನು ತಡವಲಿ. ನಂತರ ಕಣ್ಣು ಮುಚ್ಚಿ ಒಮ್ಮೆ ಕಟ್ಟಲು ಪ್ರಯತ್ನಿಸಿ. ತಮಾಷೆಯಲ್ಲ: ದಡ ಸೇರುವುದು ತಡವಾದ ದಿನ ಕತ್ತಲು, ಗಾಳಿ ಎರಡೂ ಒಟ್ಟಿಗೆ ಬರುತ್ತವೆ. ಒಳಗುಡಾರ ಮೊದಲು ಕಟ್ಟಿ ಮೇಲೆ ಹೊದಿಸುವ ಮಾದರಿಯಲ್ಲಿ ಮಳೆ ಬರುತ್ತಿದ್ದರೆ ಒಳಗೆಲ್ಲ ಒದ್ದೆ. ಒಬ್ಬರು ಹೊದಿಕೆಯನ್ನು ಮೇಲೆ ಹಿಡಿದು ಇನ್ನೊಬ್ಬರು ಅದರಡಿ ಕೋಲು ಸಿಕ್ಕಿಸುವ ಅಭ್ಯಾಸವನ್ನು ಮನೆಯಲ್ಲೇ ಮಾಡಿಕೊಳ್ಳಬೇಕು.

ಹೆಜ್ಜೆ 11: ದೋಣಿಯಲ್ಲಿ, ದಡದಲ್ಲಿ

ಟೆಂಟಿನೊಂದಿಗೆ ಬಂದ ಚೀಲ ನೀರು ತಡೆಯುವುದಿಲ್ಲ. ಒಳಗುಡಾರವನ್ನು ಡ್ರೈ ಬ್ಯಾಗಿಗೆ ಹಾಕಿ, ಸ್ವಲ್ಪ ಗಾಳಿ ಉಳಿಸಿ ಬಾಯಿ ಮಡಿಸಿ. ದೋಣಿ ಮಗುಚಿದರೆ ತೇಲುತ್ತದೆ. ಹೊರಹೊದಿಕೆಯನ್ನು ಬೇರೆ ಚೀಲದಲ್ಲಿಡಿ, ಏಕೆಂದರೆ ಬೆಳಗಿನ ಇಬ್ಬನಿಯಲ್ಲಿ ಅದು ಒದ್ದೆಯಾಗಿಯೇ ಮಡಿಕೆಯಾಗುತ್ತದೆ. ಕೋಲು, ಗೂಟಗಳು ದೋಣಿಯ ತಳದಲ್ಲಿ ನಡುಭಾಗಕ್ಕೆ. ಗಾಳಿ ತುಂಬುವ ದೋಣಿಯಾದರೆ ಗೂಟದ ಚೂಪು ತುದಿಗಳಿಗೆ ದಪ್ಪ ಬಟ್ಟೆ ಸುತ್ತಿ. ಎಲ್ಲವನ್ನೂ ದೋಣಿಗೆ ಕಟ್ಟಿ.

ತುಂಗಭದ್ರೆಯ ದಡದಲ್ಲಿ ತಂಗುವಾಗ ನೀರಿನ ಅಂಚಿನ ಮರಳು ಎಷ್ಟೇ ನುಣುಪಾಗಿ ಕರೆದರೂ ಹೋಗಬೇಡಿ. ಮೇಲೆ ಲಕ್ಕವಳ್ಳಿಯ ಭದ್ರಾ, ಗಾಜನೂರಿನ ತುಂಗಾ ಅಣೆಕಟ್ಟುಗಳಿಂದ ನೀರು ಬಿಟ್ಟರೆ ಹೊನ್ನಾಳಿ, ಹರಿಹರದ ಬಳಿ ಇಲ್ಲಿ ಮಳೆಯಿಲ್ಲದೆಯೂ ನದಿ ಏರುತ್ತದೆ. ಮೊಸಳೆಗಳೂ ಇರುವ ನದಿ ಇದು. ಹಿಂದಿನ ಪ್ರವಾಹ ಪೊದೆಗಳಲ್ಲಿ ಬಿಟ್ಟುಹೋದ ಕಸಕಡ್ಡಿಯ ಗೆರೆ ಹುಡುಕಿ, ಅದಕ್ಕಿಂತ ಮೇಲೆ ಜಾಗ ಆರಿಸಿ. ಗುಡುಗು ಕೇಳಿಸುವ ದಿನ ಒಂಟಿಮರ, ಬೋಳು ಗುಡ್ಡದ ನೆತ್ತಿ ಎರಡೂ ಬೇಡ. ಟೆಂಟಿನ ತಗ್ಗಾದ, ಕಿರಿದಾದ ಬದಿ ಗಾಳಿಗೆ ಮುಖ ಮಾಡಿರಲಿ. ದೋಣಿಯನ್ನು ಗಾಳಿ ಬರುವ ಕಡೆ ಮಗುಚಿ ಕಟ್ಟಿದರೆ ಪುಟ್ಟ ಗೋಡೆಯೂ ಆಯಿತು. ಚಿತ್ರದುರ್ಗದ ಕಲ್ಲುಗುಡ್ಡಗಳಲ್ಲಿ ಕರಡಿಗಳಿವೆ. ಊಟದ ಸಾಮಾನು, ಬೆಲ್ಲ, ಹಣ್ಣು ಯಾವುದನ್ನೂ ಮಲಗುವ ಟೆಂಟಿನೊಳಗೆ ಇಡಬೇಡಿ. ಅಡುಗೆಯೂ ದೂರದಲ್ಲಿ ಆಗಲಿ. ಪಡಸಾಲೆಯಲ್ಲಿ ಒಲೆ ಹಚ್ಚುವ ಚಪಲ ಅನೇಕರಿಗಿದೆ. ಪಾಲಿಯೆಸ್ಟರ್ ಹೊತ್ತಿಕೊಂಡರೆ ಕರಗಿ ಮೈಗೆ ಅಂಟುತ್ತದೆ, ಮುಚ್ಚಿದ ಜಾಗದ ಹೊಗೆ ಉಸಿರುಗಟ್ಟಿಸುತ್ತದೆ.

ಬೆಳಗ್ಗೆ ಬಿಸಿಲು ಬಲಿಯುವ ಮುನ್ನ ಟೆಂಟ್ ಕಳಚಿ. ದಿನವಿಡೀ ಕಟ್ಟಿಯೇ ಇಟ್ಟ ಹೊದಿಕೆಯನ್ನು ಮಳೆಗಿಂತ ಬೇಗ ತಿನ್ನುವುದು ಬಿಸಿಲು. ಹಗಲು ನೆರಳು ಬೇಕಿದ್ದರೆ ಅಗ್ಗದ ಟಾರ್ಪಾಲಿನ್ ತುಂಡೊಂದನ್ನು ಎರಡು ಹುಟ್ಟುಗಳ ಮೇಲೆ ಎಳೆದು ಕಟ್ಟಿ. ಮನೆಗೆ ಬಂದ ದಿನವೇ ಟೆಂಟನ್ನು ನೆರಳಿನಲ್ಲಿ ಬಿಚ್ಚಿ ಹರವಿ, ಮೂಲೆಗಳ ದಪ್ಪ ಹೊಲಿಗೆಗಳೂ ಪೂರ್ತಿ ಒಣಗಲಿ. ವಾಷಿಂಗ್ ಮಷೀನ್‌ಗೆ ಹಾಕಿದರೆ ಲೇಪನ ಎದ್ದುಬರುತ್ತದೆ. ಕೆಸರನ್ನು ಒದ್ದೆಬಟ್ಟೆಯಲ್ಲಿ ಒರೆಸಿದರೆ ಸಾಕು. ಬಿಗಿಯಾಗಿ ಸುತ್ತಿ ಅದರ ಚೀಲಕ್ಕೆ ತುರುಕಿಡುವುದಕ್ಕಿಂತ ಹಳೆಯ ದಿಂಬಿನ ಚೀಲದಲ್ಲಿ ಸಡಿಲವಾಗಿ ಹಾಕಿ, ಇಲಿ ಬಾರದ ಅಟ್ಟದಲ್ಲಿಡಿ. ತಳಕ್ಕೆ ಮುಳ್ಳು ಚುಚ್ಚಿದ್ದರೆ ಬಿಳಿ ಗೋಡೆಯ ಎದುರು ಟಾರ್ಚ್ ಹಿಡಿದು ತೂತು ಹುಡುಕಿ, ಸುತ್ತಲಿನ ಬಟ್ಟೆಯನ್ನು ಸ್ಪಿರಿಟ್‌ನಿಂದ ಒರೆಸಿ ಒಣಗಿಸಿ, ಅಂಟುಪಟ್ಟಿಯ ಮೂಲೆಗಳನ್ನು ದುಂಡಗೆ ಕತ್ತರಿಸಿ ಎರಡೂ ಬದಿಗೆ ಹಚ್ಚಿ. ಚೌಕವಾಗಿ ಬಿಟ್ಟ ಮೂಲೆ ಮುಂದಿನ ಮಡಿಕೆಯಲ್ಲೇ ಎದ್ದುಬರುತ್ತದೆ.